ಮರದಿಂದ ಇಳಿದವರು

ನಮ್ಮ ಪಿಜ್ಜ, ಅಂದರೆ ಮುತ್ತಜ್ಜ, ಮರದಿಂದ ಇಳಿದದ್ದು ನಂಬಿಕೆಯಿಂದಲೋ, ಪಾದ್ರಿ ದೊರೆಗಳ ಮಾತಿಗೆ ಕಟ್ಟುಬಿದ್ದೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಮರ ಎಂದರೆ ತಾಳೆಮರ. ಪಿಜ್ಜ ಮೂರ್ತೆ ಮಾಡಿ ಬದುಕಿದವರು. ಬೆಳಗ್ಗೆ ಸಂಜೆ ಮರ ಹತ್ತಿ, ಹೊಂಬಾಳೆಯ ತುದಿಯನ್ನು ತೆಳ್ಳಗೆ ಕೊಯ್ದು, ತುಂಬಿದ ಮಡಕೆ ಇಳಿಸಿ, ಕಳ್ಳನ್ನು ಗಡಂಗಿಗೆ, ಅಂದರೆ ಕಳ್ಳಂಗಡಿಗೆ, ಹೊತ್ತು ಹಾಕುತ್ತಿದ್ದರು. ದೀಕ್ಷಾಸ್ನಾನವಾದ ಮೇಲೆ ಕತ್ತಿ ಕೆಳಗಿಟ್ಟು ಜೆಪ್ಪುವಿನ ಹಂಚಿನ ಕಾರ್ಖಾನೆ ಸೇರಿದರು. ಅಜ್ಜಿಯ ಪ್ರಕಾರ ಅವರು ದೇವರ ವಾಕ್ಯಕ್ಕೆ ಹೆದರಿ ಇಳಿದರು. ದೊಡ್ಡಪ್ಪನ ಪ್ರಕಾರ ಅಬಕಾರಿ ಗುತ್ತಿಗೆದಾರನ ಕಾಟ ತಾಳಲಾರದೆ ಇಳಿದರು. ಇಬ್ಬರ ಮಾತೂ ಸುಳ್ಳಿರಲಾರದು ಎಂದು ನನಗೆ ತೋರುತ್ತದೆ. ಆದರೆ ಶೋಧನೆಯ ಬಗ್ಗೆ ಬೈಬಲು ಕೊಡುವ ಎಚ್ಚರಿಕೆಗಳನ್ನು ನಮ್ಮ ಕರಾವಳಿಯ ಸಭೆಗಳು ದಿನದ ಬದುಕಿಗೆ ಹೇಗೆ ಇಳಿಸಿದವು ಎಂದು ಯಾರಾದರೂ ಕೇಳಿದರೆ ನಾನು ಪ್ರಸಂಗಗಳ ಪುಸ್ತಕ ತೆಗೆಯುವುದಿಲ್ಲ, ಪಿಜ್ಜನ ಕಥೆ ತೆಗೆಯುತ್ತೇನೆ.

ಬಾಸೆಲ್ ಮಿಶನ್ ಹುಟ್ಟಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಈಸ್ಟ್ ಇಂಡಿಯಾ ಕಂಪೆನಿಯ ಸನದು 1833ರಲ್ಲಿ ಬದಲಾಗಿ ಬ್ರಿಟಿಷರಲ್ಲದ ಮಿಶನರಿಗಳಿಗೂ ದಾರಿ ತೆರೆದ ಮರುವರ್ಷವೇ, 1834ರ ಅಕ್ಟೋಬರ್ 30ರಂದು, ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಅವರ ಹಿಂದೆ ಬಂದವರಲ್ಲಿ ಬಹಳ ಮಂದಿ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು. ಹಳ್ಳಿಯ ಕುಶಲಕರ್ಮಿಗಳ, ಸಣ್ಣ ರೈತರ ಮಕ್ಕಳು. ಅವರನ್ನು ಬೆಳೆಸಿದ ಭಕ್ತಿಪಂಥ ದೊಡ್ಡ ದೇವಾಲಯಕ್ಕಿಂತ ಮನೆಯ ಮುಂಗೋಣೆಯ ಕೂಟವನ್ನು ಹೆಚ್ಚು ನಂಬಿತ್ತು. ವಾರದ ಕೊನೆಗೆ ನೆರೆಕರೆಯವರು ಕೂಡಿ ವಾಕ್ಯ ಓದಿ, ಯಾರ ಮನಸ್ಸು ಎಲ್ಲಿ ಜಾರಿತು ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ರೂಢಿ ಅದು. ಮಿಶನ್ ಶಾಲೆಗೆ ಸೇರಬೇಕೆಂದರೆ ತನ್ನ ಬಾಳಿನ ಕಥೆಯನ್ನು ಪಾಪಗಳ ಸಮೇತ ಬರೆದು ಕೊಡಬೇಕಿತ್ತು. ಇಂಡಿಯಾಕ್ಕೆ ಬಂದ ಮೇಲೆ ಮದುವೆಯಾಗಬೇಕಾದರೂ ಬಾಸೆಲಿನ ಆಡಳಿತ ಸಮಿತಿ ಒಪ್ಪಬೇಕು. ಎಷ್ಟೋ ಹುಡುಗಿಯರು ಗಂಡನಾಗುವವನ ಮುಖವನ್ನೇ ನೋಡದೆ ಹಡಗು ಹತ್ತಿದ್ದರು. ಹೀಗೆ ತಾವೇ ಕಾವಲಿನಲ್ಲಿ ಬೆಳೆದವರು ಇಲ್ಲಿ ಬಂದು ಬೇರೆಯವರಿಗೆ ಕಾವಲು ನಿಂತದ್ದರಲ್ಲಿ ಆಶ್ಚರ್ಯವಿಲ್ಲ.

ಅವರು ಕೈಯಲ್ಲಿ ಹಿಡಿದು ಬಂದ ವಾಕ್ಯಗಳು ನಮಗೆ ಇಂದಿಗೂ ಬಾಯಿಪಾಠ. ಆಸೆ ಬಸುರಾಗಿ ಪಾಪವನ್ನು ಹೆರುತ್ತದೆ, ಪಾಪ ಬಲಿತರೆ ಮರಣವನ್ನು ಹೆರುತ್ತದೆ ಎಂಬ ಅರ್ಥದಲ್ಲಿ ಯಾಕೋಬನು ಬರೆದ ಪತ್ರಿಕೆ. ಪೋಟೀಫರನ ಹೆಂಡತಿಯ ಕೈಯಲ್ಲಿ ಮೇಲುಬಟ್ಟೆ ಬಿಟ್ಟು ಓಡಿದ ಯೋಸೇಫ. ಗೆತ್ಸೇಮನೆಯಲ್ಲಿ ನಿದ್ದೆ ಹೋದ ಶಿಷ್ಯರು. ತಾಳಲಾರದ ಶೋಧನೆಯನ್ನು ದೇವರು ಕೊಡುವುದಿಲ್ಲ, ಶೋಧನೆಯ ಜೊತೆಗೇ ಪಾರಾಗುವ ದಾರಿಯನ್ನೂ ಇಡುತ್ತಾನೆ ಎಂದು ಪೌಲನು ಕೊರಿಂಥದವರಿಗೆ ಕೊಟ್ಟ ಧೈರ್ಯ. ಈ ಕೊನೆಯದನ್ನು ಸಾಮಾನ್ಯವಾಗಿ ನಾವು ಒಬ್ಬೊಬ್ಬರ ಎದೆಯೊಳಗಿನ ವಿಷಯವೆಂದು ಓದುತ್ತೇವೆ. ಕಳ್ಳು ಇಳಿಸುವವನಿಗೆ ಅದನ್ನು ಹಾಗೆ ಓದಿ ಹೇಳಿದರೆ ಏನು ಪ್ರಯೋಜನ? ಅವನ ಶೋಧನೆ ದಿನಕ್ಕೆರಡು ಸಲ ಮಡಕೆಯಲ್ಲಿ ತುಂಬಿ ಅವನ ಸೊಂಟದಲ್ಲೇ ತೂಗುತ್ತಿತ್ತು. ಅದೇ ಅವನ ಮಕ್ಕಳ ಗಂಜಿಯೂ ಆಗಿತ್ತು.

ದಕ್ಷಿಣ ಕನ್ನಡದಲ್ಲಿ ಮಿಶನ್ ಸೇರಿದವರಲ್ಲಿ ಬಿಲ್ಲವರೇ ಹೆಚ್ಚು. ಬಿಲ್ಲವರೆಲ್ಲ ಮೂರ್ತೆಯವರಲ್ಲ. ಗೇಣಿ ಬೇಸಾಯ ಮಾಡಿದವರಿದ್ದರು, ನಾಟಿ ವೈದ್ಯರಿದ್ದರು, ಗರಡಿಯ ಪೂಜೆ ಮಾಡುವವರಿದ್ದರು. ಆದರೂ ಮೂರ್ತೆ ಆ ಸಮುದಾಯದ ಗುರುತಿನ ಕಸುಬು. ಕ್ರೈಸ್ತನಾದವನು ಕಳ್ಳು ಇಳಿಸಬಾರದು, ಮಾರಬಾರದು ಎಂದು ಮಿಶನ್ ಹಟ ಹಿಡಿಯಿತು. ಕುಡಿಯಬಾರದು ಎನ್ನುವುದು ಒಂದು ಮಾತು, ನಿನ್ನ ಅಜ್ಜನ ಕಸುಬನ್ನೇ ಬಿಡು ಎನ್ನುವುದು ಇನ್ನೊಂದು.

ನಮ್ಮ ಮನೆಯಲ್ಲಿ ಹೇಳುವ ಕಥೆಯೊಂದಿದೆ. ಮೂರ್ತೆಯ ಮಡಕೆಯೊಳಗೆ ಸುಣ್ಣ ಬಳಿದರೆ ರಸ ಹುಳಿಯುವುದಿಲ್ಲ, ಕಾಯಿಸಿದರೆ ಓಲೆಬೆಲ್ಲವಾಗುತ್ತದೆ. ಸುಣ್ಣ ಬಳಿಯದಿದ್ದರೆ ಅದೇ ರಸ ಮಧ್ಯಾಹ್ನದೊಳಗೆ ಕಳ್ಳು. ಪಿಜ್ಜ ಸಭಾ ಹಿರಿಯರೊಬ್ಬರ ಬಳಿ ಹೋಗಿ, “ಬೆಲ್ಲಕ್ಕೆ ಮಾತ್ರ ಇಳಿಸುತ್ತೇನೆ, ಅಪ್ಪಣೆ ಕೊಡಿ” ಎಂದರಂತೆ. ಆ ಹಿರಿಯರೂ ಹಿಂದೆ ಮರ ಹತ್ತಿದವರೇ. “ಸುಣ್ಣ ಬಳಿಯಲು ಮರೆಯುವ ದಿನ ಒಂದು ಬರುತ್ತದೆ ಮಾರಾಯಾ. ಆ ದಿನ ಮನೆಯಲ್ಲಿ ಅಕ್ಕಿ ಇರುವುದಿಲ್ಲ” ಎಂದರಂತೆ. ಶೋಧನೆಯ ಬಗ್ಗೆ ನಾನು ಕೇಳಿದ ಪ್ರಸಂಗಗಳಲ್ಲಿ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದಿಲ್ಲ. ಸೈತಾನನ ಹೆಸರೆತ್ತದೆ, ನರಕದ ಬೆಂಕಿ ತೋರಿಸದೆ, ಅಕ್ಕಿ ಮುಗಿಯುವ ದಿನದ ಮೇಲೆ ಆ ಹಿರಿಯರು ಬೆರಳಿಟ್ಟರು.

ಸರಕಾರದ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಮರಕ್ಕೆ ತೆರಿಗೆ, ಗಡಂಗಿಗೆ ಹರಾಜು, ಗುತ್ತಿಗೆದಾರನಿಗೆ ಲಾಭ. 1886ರಲ್ಲಿ ಮದ್ರಾಸ್ ಅಬಕಾರಿ ಕಾನೂನು ಬಂದ ಮೇಲೆ ಈ ವ್ಯವಸ್ಥೆ ಇನ್ನಷ್ಟು ಬಿಗಿಯಾಯಿತು. ಭಾನುವಾರ ದೇವಾಲಯದ ಮುಂದಿನ ಬೆಂಚಿನಲ್ಲಿ ಕುಳಿತ ಇಂಗ್ಲಿಷ್ ಅಧಿಕಾರಿಯ ಸಂಬಳದಲ್ಲೂ ಕಳ್ಳಿನ ಹಣ ಇತ್ತು. ಮರ ಹತ್ತಿದವನಿಗೆ ಶಿಸ್ತು, ಹರಾಜು ಕೂಗಿದವನಿಗೆ ನಮಸ್ಕಾರ. ಮಿಶನ್ನಿನ ಕಥೆ ಹೇಳುವ ನಮ್ಮವರು ಈ ಜಾಗವನ್ನು ಸ್ವಲ್ಪ ಬೇಗನೆ ದಾಟಿಬಿಡುತ್ತಾರೆ.

ಹಾಗಾದರೆ ಮರದಿಂದ ಇಳಿದವನು ಎಲ್ಲಿಗೆ ಹೋಗಬೇಕು? ಜಾತಿಯಿಂದ ಹೊರಗಾದವನಿಗೆ ಊರಲ್ಲಿ ಗೇಣಿಗೆ ಭೂಮಿ ಸಿಗುವುದು ಕಷ್ಟ, ಒಕ್ಕಲೆಬ್ಬಿಸುವ ಭಯ ಬೇರೆ. ಮಿಶನ್ ಮೊದಲು ಕೈಹಾಕಿದ್ದು ಬೇಸಾಯಕ್ಕೆ. ಗದಗದ ಸಮೀಪದ ಮಲಸಮುದ್ರದಲ್ಲಿ ಕ್ರೈಸ್ತ ರೈತರ ಊರೊಂದನ್ನು ಕಟ್ಟಲು ಹೋದರು. ಅದು ಎಣಿಸಿದಂತೆ ಬೆಳೆಯಲಿಲ್ಲ. ಮಂಗಳೂರಿನಲ್ಲಿ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಬಂತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಮಿಶನರಿ ಮೊಗ್ಲಿಂಗ್ ಹೊರತಂದದ್ದು ಅಲ್ಲಿಂದಲೇ. ಪುಸ್ತಕ ಕಟ್ಟುವ ಕೆಲಸ ಕೆಲವರಿಗೆ ಅನ್ನವಾಯಿತು. ಆಮೇಲೆ ಮಗ್ಗ. ನೇಯ್ಗೆ ಬಲ್ಲ ಹಾಲರ್ 1851ರಲ್ಲಿ ಬಂದು ಯುರೋಪಿನ ಮಾದರಿಯ ಮಗ್ಗಗಳನ್ನು ಹೂಡಿದರು. ಖಾಕಿ ಬಣ್ಣದ ಬಟ್ಟೆಗೆ ಹೆಸರಾದದ್ದು ಈ ನೇಯ್ಗೆಯ ಶಾಲೆಯೇ. ಆದರೂ ನಿಜವಾಗಿ ಬಾಗಿಲು ತೆರೆದದ್ದು 1865ರಲ್ಲಿ. ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಪ್ಲೆಬ್ಸ್ಟ್ ನೇತ್ರಾವತಿ ದಂಡೆಯ ಆವೆಮಣ್ಣನ್ನು ಪರೀಕ್ಷಿಸಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. 1882ರಲ್ಲಿ ಕುದ್ರೋಳಿಯಲ್ಲಿ ಇನ್ನೊಂದು, ಮಲ್ಪೆಯಲ್ಲಿ, ಮಲಬಾರಿನಲ್ಲಿ ಇನ್ನಷ್ಟು. ಮುಳಿಹುಲ್ಲಿನ ಮಾಡುಗಳ ಜಾಗಕ್ಕೆ ಕೆಂಪು ಹಂಚು ಬಂತು, ‘ಮಂಗಳೂರು ಹಂಚು’ ಎಂಬ ಹೆಸರು ದೇಶ ದಾಟಿತು.

ಅರಣ್ಯದಲ್ಲಿ ಹಸಿದಿದ್ದ ಯೇಸುವಿಗೆ ಸೈತಾನ ಮೊದಲು ಒಡ್ಡಿದ ಶೋಧನೆ, ಈ ಕಲ್ಲುಗಳನ್ನು ರೊಟ್ಟಿ ಮಾಡು ಎಂಬುದು. ಯೇಸು ಒಲ್ಲೆನೆಂದ. ಅವನ ಹೆಸರಿನಲ್ಲಿ ಬಂದವರು ಜೆಪ್ಪುವಿನಲ್ಲಿ ಮಣ್ಣನ್ನು ಅನ್ನ ಮಾಡಲು ಹೊರಟರು. ಇದರ ಇಕ್ಕಟ್ಟು ಅವರಿಗೂ ಗೊತ್ತಿತ್ತು. ಸಂಬಳದ ಆಸೆಗೆ ಜನ ಸಭೆ ಸೇರುತ್ತಾರೆ, ನಾವೇ ಅವರನ್ನು ಶೋಧನೆಗೆ ನೂಕುತ್ತಿದ್ದೇವೆ ಎಂದು ಆಕ್ಷೇಪಿಸಿದವರು ಮಿಶನರಿಗಳಲ್ಲೇ ಇದ್ದರು. ಅನ್ನಕ್ಕಾಗಿ ಕ್ರೈಸ್ತರಾದವರು ಎಂದು ಹೊರಗಿನವರು ಆಡಿಕೊಂಡದ್ದು ಬೇರೆ. ವ್ಯಾಪಾರವನ್ನು ಧರ್ಮಸೇವೆಯಿಂದ ಬೇರೆಯಿಡಲೆಂದೇ 1859ರಲ್ಲಿ ಬಾಸೆಲಿನಲ್ಲಿ ಮಿಶನ್ ವ್ಯಾಪಾರ ಕಂಪೆನಿಯನ್ನು ಪ್ರತ್ಯೇಕವಾಗಿ ಹುಟ್ಟುಹಾಕಿದರು. ಆ ಕಂಪೆನಿಯ ಒಂದು ಗುಣವನ್ನು ಹೇಳಲೇಬೇಕು. ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ಉಳಿದ ಯುರೋಪಿನ ವ್ಯಾಪಾರಿಗಳು ಸಾರಾಯಿ, ಬಂದೂಕು ಮಾರಿ ಹಣ ಮಾಡುತ್ತಿದ್ದಾಗ ಈ ಕಂಪೆನಿ ಅವೆರಡನ್ನೂ ಮುಟ್ಟಲಿಲ್ಲ. ಮೂರ್ತೆಯವನಿಗೆ ಕಸುಬು ಬಿಡು ಎಂದವರು ತಮ್ಮ ಗಲ್ಲಾಪೆಟ್ಟಿಗೆಗೂ ಅದೇ ನಿಯಮ ಹಾಕಿಕೊಂಡರು. ಬಾಯಲ್ಲೊಂದು ಕೈಯಲ್ಲೊಂದು ಇರಲಿಲ್ಲ ಎನ್ನುವುದಕ್ಕೆ ನನಗೆ ಸಿಕ್ಕ ಒಳ್ಳೆಯ ಸಾಕ್ಷಿ ಇದು.

ಇನ್ನು ಸಭಾಶಿಸ್ತು. ಬಾಸೆಲಿನ ಮುಖ್ಯಸ್ಥರಾಗಿ 1850ರಲ್ಲಿ ಬಂದ ಯೋಸೆನ್‌ಹಾನ್ಸ್ ಮರುವರ್ಷ ಇಂಡಿಯಾಕ್ಕೆ ಬಂದು ಸಭೆಗಳನ್ನು ಸುತ್ತಿ ನೋಡಿದರು. ಎಲ್ಲಕ್ಕೂ ಕ್ರಮ, ಎಲ್ಲಕ್ಕೂ ದಾಖಲೆ ಬೇಕೆಂಬ ಮನುಷ್ಯ. ಕರ್ತನ ಭೋಜನಕ್ಕೆ ಮೊದಲು ಹಿರಿಯರು ವಿಚಾರಣೆ ಮಾಡುವುದು, ಜಗಳವಾಡಿದವರು ರಾಜಿಯಾಗದೆ ಮೇಜಿನ ಬಳಿ ಬರಬಾರದು, ಕುಡಿದವನು ಕೆಲ ಕಾಲ ಹೊರಗಿರಬೇಕು, ಜಾತಕ ಕೇಳುವಂತಿಲ್ಲ, ಹರಕೆ ಹೊರುವಂತಿಲ್ಲ. ಕೋಳಿ ಅಂಕಕ್ಕೆ ಹೋಗುವಂತಿಲ್ಲ, ದೈವಗಳ ನೇಮ ಕೋಲ ನಡೆಯುವ ಗದ್ದೆಯ ಬದಿಗೂ ಸುಳಿಯುವಂತಿಲ್ಲ.

ಕೋಲದ ನಿಷೇಧ ಎಷ್ಟು ಆಳಕ್ಕೆ ಕೊಯ್ದಿತು ಎಂಬುದು ಹೊರಗಿನವರಿಗೆ ತಿಳಿಯುವುದು ಕಷ್ಟ. ಕೋಟಿ ಚೆನ್ನಯರು ಬಿಲ್ಲವರ ವೀರರು, ಗರಡಿಯ ದೈವಗಳು. ಕ್ರೈಸ್ತನಾದ ಬಿಲ್ಲವ ತನ್ನ ಮನೆತನದ ವೀರರನ್ನೇ ಶೋಧನೆಯ ಪಟ್ಟಿಯಲ್ಲಿ ಬರೆದುಕೊಳ್ಳಬೇಕಾಯಿತು. ಮೊದಲ ತಲೆಮಾರಿನವರು ನೇಮದ ರಾತ್ರಿ ಕಿಟಕಿ ಮುಚ್ಚಿ ಮಲಗುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದರು. ಡೋಲಿನ ಸದ್ದು ಮುಚ್ಚಿದ ಕಿಟಕಿಗೆ ನಿಲ್ಲುತ್ತದೆಯೇ? ಕೀರ್ತನೆ ಹಾಡುತ್ತ ಕುಳಿತ ಪಿಜ್ಜನ ಕಾಲು ಮಾತ್ರ ಡೋಲಿನ ತಾಳಕ್ಕೆ ಆಡುತ್ತಿತ್ತಂತೆ. ಇತ್ತ ಅದೇ ಮಿಶನ್ನಿನ ಮ್ಯಾನರ್ ಎಂಬ ಪಾದ್ರಿ ದೈವಗಳ ಕಥೆ ಹಾಡುವ ತುಳುವಿನ ಪಾಡ್ದನಗಳನ್ನು ಸಂಗ್ರಹಿಸಿ 1886ರಲ್ಲಿ ಅದೇ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದರು, ತುಳು ನಿಘಂಟನ್ನೂ ಆ ವರ್ಷವೇ ತಂದರು. ಕೇಳಬೇಡಿ ಎಂದು ನಮಗೆ ಹೇಳಿ, ತಾವು ಕೇಳಿ ಬರೆದಿಟ್ಟರು. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಅವರು ಬರೆದಿಡದಿದ್ದರೆ ನನ್ನಂಥವನಿಗೆ ಪಿಜ್ಜನ ಕಿವಿಗೆ ಬಿದ್ದದ್ದು ಏನೆಂದು ತಿಳಿಯುವ ದಾರಿಯೇ ಇರಲಿಲ್ಲ.

ಹೆಂಗಸರ ಶೋಧನೆಯೆಂದರೆ ಒಡವೆ ಎಂದು ಆ ಕಾಲದ ಪಾದ್ರಿಗಳು ತೀರ್ಮಾನಿಸಿದಂತಿತ್ತು. ಅಜ್ಜಿಗೆ ಮೂಗುತಿಯ ಆಸೆ ಸಾಯುವವರೆಗೂ ಇತ್ತು. ಅವರು ಚಿಕ್ಕಂದಿನಲ್ಲಿ ಕೇಳಿದಾಗ ಮನೆಯವರು ಗದರಿಸಿದ್ದರಂತೆ, ಮೂಗುತಿಗೆ ಸೈತಾನ ಜೋತುಬೀಳುತ್ತಾನೆ ಎಂದು. “ಜೋತುಬೀಳಲಿ ಬಿಡು, ಮೂಗು ನನ್ನದು ತಾನೇ” ಎಂದು ಮುದುಕಿಯಾದ ಮೇಲೆ ನಗುತ್ತಿದ್ದರು. ಆದರೆ ಮೂಗು ಚುಚ್ಚಿಸಿಕೊಳ್ಳಲಿಲ್ಲ. ಗಂಡಸರ ಸಿಟ್ಟು, ಹೊಡೆತ, ಮಾತಿನ ಕ್ರೌರ್ಯ ಎಷ್ಟು ಸಲ ವಿಚಾರಣೆಗೆ ಬಂದವು ಎಂದು ಕೇಳಿದರೆ ಅವರು ಉತ್ತರ ಕೊಡುತ್ತಿರಲಿಲ್ಲ.

ಶಿಸ್ತಿನ ದೊಡ್ಡ ದೋಷ ಅದರ ಕಟುತನ ಅಂತ ನನಗನ್ನಿಸುವುದಿಲ್ಲ. ಕಾರ್ಖಾನೆ ಮಿಶನ್ನಿನವರದೇ, ಮನೆ ಕಟ್ಟಿಕೊಟ್ಟ ಜಾಗ ಅವರದೇ, ಮಕ್ಕಳ ಶಾಲೆ ಅವರದೇ, ಕರ್ತನ ಮೇಜೂ ಅವರದೇ. ಹೀಗಿರುವಲ್ಲಿ ಒಬ್ಬ ಕೂಲಿಯವನು ತಾನು ಕುಡಿದದ್ದನ್ನು ಒಪ್ಪಿಕೊಂಡರೆ ಅದು ಪಶ್ಚಾತ್ತಾಪವೋ, ಕೆಲಸ ಹೋಗುವ ಭಯವೋ ಎಂದು ಪಾದ್ರಿ ಅಯ್ಯನವರಿಗೆ ಹೇಗೆ ತಿಳಿಯಬೇಕು? ಅವನಿಗೇ ತಿಳಿದಿರಲಾರದು. ಭಯವಿದ್ದ ಕಡೆ ಮುಚ್ಚುಮರೆ ಬೆಳೆಯುತ್ತದೆ. ಕಳ್ಳು ಬಿಟ್ಟವರು ಕಂಪೌಂಡಿನ ಹೊರಗೆ ನೆಂಟರ ಮನೆಗೆ ಹೋಗಿ ಕುಡಿದು, ವೀಳ್ಯದೆಲೆ ಜಗಿದು ವಾಸನೆ ಮರೆಸಿ ಬರುತ್ತಿದ್ದ ಕಥೆಗಳು ನಮ್ಮ ಬೀದಿಯಲ್ಲಿ ಬೇಕಾದಷ್ಟಿವೆ. ಯೇಸುವಿಗೆ ಬಂದ ಎರಡನೆಯ ಶೋಧನೆ ದೇವಾಲಯದ ಶಿಖರದ ಮೇಲೆ ನಡೆದದ್ದು, ದೇವರಿಗೆ ತಾನು ಬೇಕಾದವನೆಂಬ ಜಂಬದ ಶೋಧನೆ. ಅದನ್ನು ನಮ್ಮ ಸಭೆಗಳು ಹೆಚ್ಚು ಬೋಧಿಸಲಿಲ್ಲ. ನಾವು ಹಳೆಯ ಕ್ರೈಸ್ತರು, ನಮ್ಮ ಅಜ್ಜ ಮಿಶನ್ನಿನಲ್ಲಿ ಮೇಸ್ತ್ರಿಯಾಗಿದ್ದರು ಎಂಬ ಜಂಬಕ್ಕೆ ಯಾರೂ ಯಾರನ್ನೂ ಮೇಜಿನಿಂದ ದೂರವಿಡಲಿಲ್ಲ. ಜಾತಿಯನ್ನು ಸಭೆಯೊಳಗೆ ಬಿಡುವುದಿಲ್ಲ ಎಂದು ಮಿಶನ್ ಗಟ್ಟಿಯಾಗಿ ನಿಂತದ್ದು ನಿಜ. ಒಂದೇ ಬೆಂಚು, ಒಂದೇ ಪಾತ್ರೆ. ಮದುವೆಯ ಮಾತುಕತೆಯಲ್ಲಿ ಮಾತ್ರ ಹಳೆಯ ಲೆಕ್ಕ ಮೆಲ್ಲಗೆ ಇಣುಕುತ್ತಲೇ ಇತ್ತು, ಈಗಲೂ ಇಣುಕುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಆ ಕಾಲದವರ ಪಕ್ಷವನ್ನು ಪೂರ್ತಿ ಬಿಡಲಾರೆ. ಅವರು ಎಚ್ಚರಿಕೆ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಮರ ಬಿಡು ಎಂದರು, ಬಿಟ್ಟವನಿಗೆ ಸೋಮವಾರ ಬೆಳಗ್ಗೆ ಹೋಗಲು ಒಂದು ಜಾಗ ತೋರಿಸಿದರು. ಪೌಲನು ಹೇಳಿದ ಪಾರಾಗುವ ದಾರಿಗೆ ಜೆಪ್ಪುವಿನಲ್ಲಿ ಗೇಟು ಇತ್ತು, ಗಂಟೆ ಇತ್ತು, ಸಂಬಳದ ಪುಸ್ತಕ ಇತ್ತು. ಮಂಗಳೂರಿನ ಕ್ರೈಸ್ತ ಸಭೆಗಳ ಇತಿಹಾಸದಲ್ಲಿ ಕಾರ್ಖಾನೆಯ ಅಧ್ಯಾಯವನ್ನು ಕೈಗಾರಿಕೆಯ ಕಥೆಯೆಂದು ಒಂದು ಕಡೆ, ಸಭಾಶಿಸ್ತಿನ ಅಧ್ಯಾಯವನ್ನು ಧರ್ಮದ ಕಥೆಯೆಂದು ಇನ್ನೊಂದು ಕಡೆ ಬರೆಯುತ್ತಾರೆ. ನಮ್ಮಂಥ ಮನೆಗಳವರಿಗೆ ಅವೆರಡೂ ಒಂದೇ ಅಧ್ಯಾಯ.

ಅದನ್ನು ಸೀಳಿದ್ದು ಯುದ್ಧ. 1914ರಲ್ಲಿ ಮಹಾಯುದ್ಧ ಶುರುವಾದಾಗ ಜರ್ಮನ್ ಪಾದ್ರಿಗಳು ಶತ್ರುದೇಶದ ಪ್ರಜೆಗಳಾದರು. ಹಲವರನ್ನು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿದರು, ಆಮೇಲೆ ಊರಿಗೆ ಕಳಿಸಿದರು. ಕಂಪೆನಿಯ ಆಸ್ತಿಯನ್ನು ಸರಕಾರ ವಶಪಡಿಸಿಕೊಂಡಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಸಭೆಗಳು ಉಳಿದವು, ದೇವಾಲಯಗಳು ಉಳಿದವು, ಪ್ರಸಂಗಗಳೂ ಉಳಿದವು. ಆದರೆ ಕಾರ್ಖಾನೆಯ ಬಾಗಿಲು ಸಭೆಯ ಕೈಯಲ್ಲಿ ಉಳಿಯಲಿಲ್ಲ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿ, ಇಲ್ಲಿನ ಬಾಸೆಲ್ ಮಿಶನ್ ಸಭೆಗಳು ಅದರೊಳಗೆ ಬಂದವು. ಯಜಮಾನನೂ ಪಾದ್ರಿಯೂ ಒಬ್ಬನೇ ಆಗಿದ್ದ ಉಸಿರುಕಟ್ಟುವ ಕಾಲ ಮುಗಿದದ್ದು ಒಳ್ಳೆಯದೇ. ಆದರೆ ಅಂದಿನಿಂದ ಅಯ್ಯನವರ ಕೈಯಲ್ಲಿ ಉಳಿದದ್ದು ಮಾತು ಮಾತ್ರ.

ನಾನು ಕೆಲವು ವರ್ಷ ಸಭಾ ಹಿರಿಯನಾಗಿದ್ದೆ. ಈಗ ಕಳ್ಳಿನ ಪ್ರಸ್ತಾಪ ಕಡಿಮೆ. ಪ್ರಸಂಗಗಳಲ್ಲಿ ಮೊಬೈಲು ಬರುತ್ತದೆ, ರಮ್ಮಿ ಬರುತ್ತದೆ, ಆ್ಯಪಿನಲ್ಲಿ ಸಿಗುವ ಸಾಲ ಬರುತ್ತದೆ. ಹಣ ಪಣವಿಡುವ ಆನ್‌ಲೈನ್ ಆಟಗಳನ್ನು 2025ರಲ್ಲಿ ಕೇಂದ್ರ ಸರಕಾರ ಕಾನೂನು ತಂದು ನಿಷೇಧಿಸಿತು. ಒಂದು ಕಾಲದಲ್ಲಿ ಗಡಂಗನ್ನು ಹರಾಜು ಹಾಕಿದ ಸರಕಾರದ ಜಾಗದಲ್ಲಿ ನಿಷೇಧಿಸುವ ಸರಕಾರ ನಿಂತಿದೆ. ಆದರೆ ಆಗಲೇ ಆದ ಸಾಲವನ್ನು ಯಾವ ಕಾನೂನು ತೀರಿಸೀತು? ನನಗೆ ಗೊತ್ತಿರುವ ಒಂದು ಸಭೆಯಲ್ಲಿ ಹುಡುಗನೊಬ್ಬ ಆಟದ ಸಾಲಕ್ಕೆ ತಾಯಿಯ ಬಳೆ ಅಡವಿಟ್ಟ. ಹಿರಿಯರು ಮನೆಗೆ ಹೋಗಿ ಅರ್ಧ ಗಂಟೆ ಪ್ರಾರ್ಥಿಸಿದರು, ಯಾಕೋಬನ ಪತ್ರಿಕೆ ಓದಿದರು, ಕಾಫಿ ಕುಡಿದು ಎದ್ದರು. ಎಷ್ಟು ಸಾಲ, ಯಾರಿಗೆ, ಬಡ್ಡಿ ಎಷ್ಟು ಎಂದು ಯಾರೂ ಕೇಳಲಿಲ್ಲ. ಕೇಳಿದ್ದು ಪಕ್ಕದ ಮನೆಯ ಟೈಲರಮ್ಮ. ಅವರು ನೋಟುಪುಸ್ತಕ ತಂದು, ಹುಡುಗನನ್ನು ಎದುರಿಗೆ ಕೂರಿಸಿ, ಒಂದೊಂದೇ ಸಾಲ ಬರೆಸಿ, ಅವನ ಸಂಬಳದ ದಿನ ತಾವೇ ಜೊತೆಗೆ ನಿಂತು ಕಂತು ಕಟ್ಟಿಸಿದರು. ಅವರು ಸಭಾ ಹಿರಿಯರಲ್ಲ, ಯಾವ ಸಮಿತಿಯಲ್ಲೂ ಇಲ್ಲ.

ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ನಾವು ಶೋಧನೆಯಿಂದ ತಪ್ಪಿಸೆಂದು ಬೇಡುವುದು ‘ನನ್ನನ್ನು’ ಎಂದಲ್ಲ, ‘ನಮ್ಮನ್ನು’ ಎಂದು. ಮುಂದಿನ ಭಾನುವಾರ ನಿಮ್ಮ ಸಭೆಯಲ್ಲಿ ಜೂಜಿನ ಮೇಲೋ ಕುಡಿತದ ಮೇಲೋ ಸಾಲದ ಮೇಲೋ ಪ್ರಸಂಗ ನಡೆದರೆ ಸುಮ್ಮನೆ ಎದ್ದು ಬರಬೇಡಿ. ಆಶೀರ್ವಾದವಾದ ಮೇಲೆ ಅಯ್ಯನವರನ್ನೂ ಹಿರಿಯರನ್ನೂ ನಿಲ್ಲಿಸಿ ಕೇಳಿ: ಅದನ್ನು ಬಿಡಬೇಕೆಂದು ಹೊರಟವನು ಸೋಮವಾರ ಬೆಳಗ್ಗೆ ನಮ್ಮ ಸಭೆಯಲ್ಲಿ ಯಾರ ಮನೆಯ ಬಾಗಿಲು ತಟ್ಟಬೇಕು? ಹೆಸರು, ಫೋನ್ ನಂಬರು ಬರೆದು ನೋಟೀಸ್ ಬೋರ್ಡಿಗೆ ಹಾಕಲು ಹೇಳಿ. ಯಾರೂ ಒಪ್ಪದಿದ್ದರೆ ನಿಮ್ಮ ಹೆಸರನ್ನೇ ಬರೆಯಿರಿ.